ಮುಂಬೈಗೆ ಹೊಸಬರೇ? ಮೊದಲು ಮನೆ ಹತ್ತಿರದ ಪರ್ಮಿಟ್ ರೂಮ್ ಹುಡುಕಿಕೊಳ್ಳಿ

ಬೆಂಗಳೂರು, ಹುಬ್ಬಳ್ಳಿ, ಮೈಸೂರು ಕಡೆಯಿಂದ ಕೆಲಸಕ್ಕೆಂದು ಮುಂಬೈಗೆ ಬಂದವರು ಮೊದಲ ತಿಂಗಳಲ್ಲೇ ಕೇಳುವ ಪ್ರಶ್ನೆ ಒಂದಿದೆ. ಸಂಜೆ ಆರಾಮಾಗಿ ಕೂತು ಒಂದು ಬಿಯರ್ ಕುಡಿಯೋಕೆ ಎಲ್ಲಿಗೆ ಹೋಗೋದು? ಆಫೀಸಿನವರು ಲೋವರ್ ಪರೇಲ್‌ನ ಯಾವುದೋ ಪಬ್ಬಿಗೆ ಕರೆದುಕೊಂಡು ಹೋಗಿರುತ್ತಾರೆ. ಅಲ್ಲಿ ಹಾಡಿನ ಅಬ್ಬರಕ್ಕೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಬಿಲ್ ಬಂದಾಗ ಎದೆ ಧಸಕ್ ಅನ್ನುತ್ತದೆ. ಹುಡುಗರಷ್ಟೇ ಹೋದರೆ ಬಾಗಿಲಲ್ಲೇ ವಾಪಸ್ ಕಳಿಸುವ ಪಬ್ಬುಗಳೂ ಇವೆ. ಹೀಗಾಗಿ ಎಷ್ಟೋ ಜನ ರೂಮಿನಲ್ಲೇ ಬಾಟಲಿ ಇಟ್ಟುಕೊಂಡು ಒಬ್ಬರೇ ಕುಡಿಯಲು ಶುರು ಮಾಡುತ್ತಾರೆ. ನನಗೆ ಚಿಂತೆ ಇರುವುದು ಅದರ ಬಗ್ಗೆಯೇ. ಹೊಸ ಊರಿನಲ್ಲಿ ಒಬ್ಬರೇ ಕೂತು ಕುಡಿಯುವ ಅಭ್ಯಾಸ ಒಳ್ಳೆಯದಲ್ಲ.

ನನ್ನ ಉತ್ತರ ಸರಳ. ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಪರ್ಮಿಟ್ ರೂಮ್, ಅಂದರೆ ಕೂತು ಕುಡಿಯಲು ಲೈಸೆನ್ಸ್ ಇರುವ ಬಾರ್ ಅಂಡ್ ರೆಸ್ಟೋರೆಂಟ್, ಹುಡುಕಿಕೊಳ್ಳಿ. ಊಟ ಚೆನ್ನಾಗಿರಬೇಕು, ಕ್ಯಾಪ್ಟನ್ (ಆರ್ಡರ್ ತೆಗೆದುಕೊಂಡು ಬಡಿಸುವ ಹುಡುಗರನ್ನು ನೋಡಿಕೊಳ್ಳುವವರು) ನಮ್ಮ ಕಡೆಯವರಾಗಿರಬೇಕು. ಇವೆರಡು ಇದ್ದರೆ ಸಾಕು.

ಇಂಥ ಜಾಗ ಹುಡುಕುವುದು ಕಷ್ಟವೇ ಅಲ್ಲ. ಅಂಧೇರಿ, ಘಾಟ್ಕೋಪರ್, ಮುಲುಂಡ್, ಬೊರಿವಲಿ, ಠಾಣೆ, ಯಾವ ಸ್ಟೇಷನ್‌ನಲ್ಲಿ ಇಳಿದರೂ ಎರಡೂ ಬದಿಗೆ ಬಾರ್ ಅಂಡ್ ರೆಸ್ಟೋರೆಂಟ್ ಬೋರ್ಡುಗಳು ಕಾಣುತ್ತವೆ. ಅವುಗಳಲ್ಲಿ ಬಹಳಷ್ಟು ದಕ್ಷಿಣ ಕನ್ನಡ, ಉಡುಪಿ ಕಡೆಯವರದ್ದು. ಬಂಟರು, ಬಿಲ್ಲವರು, ಮೊಗವೀರರು ಹಿಂದೆ ಚಿಕ್ಕ ವಯಸ್ಸಿನಲ್ಲೇ ಮುಂಬೈಗೆ ಬಂದು ಹೋಟೆಲುಗಳಲ್ಲಿ ಲೋಟ ತೊಳೆದರು. ರಾತ್ರಿ ಹೊತ್ತು ಮುಂಬೈನ ಫೋರ್ಟ್ ಪ್ರದೇಶದ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದವರು ಎಷ್ಟೋ ಮಂದಿ. ಆಮೇಲೆ ಅವರಲ್ಲಿ ಕೆಲವರು ಮಾಲೀಕರಾದರು. ಈ ಊರಿನ ಮೀನೂಟಕ್ಕೆ ಹೆಸರು ತಂದವರಲ್ಲಿ ಅವರದ್ದು ದೊಡ್ಡ ಪಾಲು. ಫೋರ್ಟ್‌ನ ಮಹೇಶ್ ಲಂಚ್ ಹೋಮ್, ಹಾರ್ನಿಮನ್ ಸರ್ಕಲ್ ಹತ್ತಿರದ ಅಪೂರ್ವ, ಇವುಗಳ ಹೆಸರು ಮುಂಬೈನವರೇ ನಿಮಗೆ ಹೇಳುತ್ತಾರೆ. ಅಲ್ಲಿ ಬಿಯರ್ ಜೊತೆ ನೀರ್‌ದೋಸೆ, ತೆಂಗಿನ ಮಸಾಲೆಯ ಗಸಿ ಸಿಗುತ್ತದೆ. ಆದರೆ ಅವು ತಿಂಗಳಿಗೊಮ್ಮೆ ಸಂಬಳದ ದಿನ ಹೋಗುವ ಜಾಗಗಳು. ವಾರದ ಸಂಜೆಗೆ ಬೇಕಾಗುವುದು ನಿಮ್ಮ ಗಲ್ಲಿ ಪಕ್ಕದ, ಹೆಸರಿಲ್ಲದ ಜಾಗ.

ಪರ್ಮಿಟ್ ವಿಷಯ ಮೊದಲೇ ತಿಳಿದುಕೊಳ್ಳಿ. ಮಹಾರಾಷ್ಟ್ರದಲ್ಲಿ ಮದ್ಯದ ಕಾನೂನಿನ ಬೇರು 1949ರ ಬಾಂಬೆ ಪ್ರೊಹಿಬಿಷನ್ ಆಕ್ಟ್‌ನಲ್ಲಿದೆ. ಆಗಿನ ಬಾಂಬೆ ರಾಜ್ಯದಲ್ಲಿ ಪೂರ್ತಿ ಪಾನನಿಷೇಧ ಇತ್ತು. ನಂತರ ಸಡಿಲಿಸಿದರೂ, ಕುಡಿಯುವವರ ಹತ್ತಿರ ಪರ್ಮಿಟ್ ಇರಬೇಕು ಎಂಬ ನಿಯಮ ಹಾಗೇ ಉಳಿದಿದೆ. ಒಂದು ದಿನದ್ದಕ್ಕೆ 5 ರೂಪಾಯಿ, ವರ್ಷದ್ದಕ್ಕೆ 100, ಜೀವಮಾನದ್ದಕ್ಕೆ 1000. ಬಾರಿನಲ್ಲಿ ಇದನ್ನು ಕೇಳುವುದು ಬಹಳ ಕಡಿಮೆ. ಆದರೆ ಮನೆಯಲ್ಲಿ ಬಾಟಲಿ ಇಟ್ಟುಕೊಳ್ಳುವವರಿಗೂ ಇದು ಬೇಕು. ಇಲ್ಲೇ ನೆಲೆಸುವ ಯೋಚನೆ ಇದ್ದರೆ ಜೀವಮಾನದ್ದನ್ನೇ ಮಾಡಿಸಿಬಿಡಿ. ವಯಸ್ಸಿನ ನಿಯಮವನ್ನಂತೂ ಮರೆಯಬೇಡಿ. ಬಿಯರ್, ವೈನ್‌ಗೆ 21 ತುಂಬಿರಬೇಕು. ವಿಸ್ಕಿ, ರಮ್, ವೋಡ್ಕಾಗೆ 25. ಕಾಲೇಜು ಮುಗಿಸಿ ನೇರ ಬಂದ ಹುಡುಗರಿಗೆ ಇದು ಗೊತ್ತೇ ಇರುವುದಿಲ್ಲ. ಪೊಲೀಸ್ ಬಂದರೆ ತೊಂದರೆ ನಿಮಗೊಬ್ಬರಿಗೇ ಅಲ್ಲ, ಬಡಿಸಿದ ಬಾರಿನವರಿಗೂ ಆಗುತ್ತದೆ. 

ಬೆಂಗಳೂರಿನಲ್ಲಿ ವೈನ್ ಶಾಪ್ ಕಟ್ಟೆಗೆ ಒರಗಿ ನಿಂತು ಎಂಆರ್‌ಪಿ ರೇಟಿಗೆ ಕುಡಿದವರು ಇಲ್ಲಿ ಹಾಗೆ ಮಾಡಲು ಹೋಗಬೇಡಿ. ಇಲ್ಲಿ ವೈನ್ ಶಾಪ್‌ನಲ್ಲಿ ಕೊಳ್ಳಬಹುದು ಅಷ್ಟೇ. ರಸ್ತೆ, ಕಾರು, ಮರೀನ್ ಡ್ರೈವ್ ಕಟ್ಟೆ, ಜುಹು ಮರಳು, ಎಲ್ಲಿ ಕುಡಿದರೂ ಕೇಸ್.

ಈಗ ಒಳಗೆ ಹೋಗೋಣ. ಸಾಮಾನ್ಯವಾಗಿ ಎರಡು ಭಾಗ ಇರುತ್ತದೆ. ಕೆಳಗೆ ಫ್ಯಾನ್ ಹಾಲ್, ಮೇಲೆ ಅಥವಾ ಗಾಜಿನ ಬಾಗಿಲ ಹಿಂದೆ ಎಸಿ. ಎಸಿ ಕಡೆ ಅದೇ ಬಿಯರ್‌ಗೆ ರೇಟ್ ಜಾಸ್ತಿ. ಮೆನು ಕಾರ್ಡ್ ಕೂಡ ಬೇರೆ ಇರುತ್ತದೆ. ಕೂರುವ ಮೊದಲೇ ಕೇಳಿಕೊಂಡರೆ ಆಮೇಲೆ ಜಗಳ ಇಲ್ಲ. ಫ್ಯಾನ್ ಹಾಲ್‌ನಲ್ಲಿ ಜಾಗ ಕಡಿಮೆ ಇದ್ದರೆ ಗುರುತಿಲ್ಲದವರ ಟೇಬಲ್‌ನಲ್ಲೇ ಕೂರಿಸುತ್ತಾರೆ. ಅದನ್ನು ಅವಮಾನ ಅಂದುಕೊಳ್ಳಬೇಡಿ. ತಲೆ ಅಲ್ಲಾಡಿಸಿ, ನಕ್ಕು ಕೂತುಕೊಳ್ಳಿ. ಅವರಾಗಿ ಮಾತಾಡಿಸಿದರೆ ಮಾತಾಡಿ. ದಿನವಿಡೀ ಲೋಕಲ್‌ನಲ್ಲಿ ನೂಕಾಡಿಕೊಂಡು ಬಂದವರು ಅರ್ಧ ಗಂಟೆ ಮೌನವಾಗಿ ಕೂರಲೆಂದೇ ಅಲ್ಲಿಗೆ ಬಂದಿರುತ್ತಾರೆ.

ಇಲ್ಲಿ ಲೆಕ್ಕ ಕ್ವಾರ್ಟರ್‌ನಲ್ಲಿ. ಕ್ವಾರ್ಟರ್ ಅಂದರೆ 180 ಎಂಎಲ್, ನಿಪ್ ಅಂದರೆ 90. ಪೆಗ್ ಲೆಕ್ಕದಲ್ಲೂ ಕೊಡುತ್ತಾರೆ. ಇಬ್ಬರು ಹೋದರೆ ಒಂದು ಕ್ವಾರ್ಟರ್ ತರಿಸಿ ಹಂಚಿಕೊಳ್ಳುವುದು ರೂಢಿ. ಅದು ಅಗ್ಗ. ಸೀಲ್ ನಿಮ್ಮ ಮುಂದೆಯೇ ಒಡೆಯಲಿ. ಒಳ್ಳೆಯ ಬಾರಿನಲ್ಲಿ ನೀವು ಕೇಳುವ ಮೊದಲೇ ಬಾಟಲಿ ತೋರಿಸುತ್ತಾರೆ. ಬಾಟಲಿ ತೋರಿಸಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ. ಇದರಲ್ಲಿ ಸಂಕೋಚ ಬೇಡ. 2015ರ ಜೂನ್‌ನಲ್ಲಿ ಇದೇ ಮುಂಬೈನ ಮಾಲವಣಿಯಲ್ಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಕೂಲಿ ಮಾಡಿ ಬದುಕುತ್ತಿದ್ದ ಬಡವರು. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಅಗ್ಗದ ಮಾಲನ್ನು ಯಾರೇ ಕೊಟ್ಟರೂ ಬೇಡ ಅನ್ನಿ.

ಕೂತ ಕೂಡಲೇ ಚಖ್ನಾ ಬರುತ್ತದೆ. ಬೇಯಿಸಿದ ಶೇಂಗಾ, ಕಡಲೆ, ಹೆಚ್ಚಿದ ಸೌತೆಕಾಯಿ, ಕೆಲವು ಕಡೆ ಮೊಳಕೆ ಹೆಸರುಕಾಳು. ಇದಕ್ಕೆ ಸಾಮಾನ್ಯವಾಗಿ ದುಡ್ಡಿಲ್ಲ. ಮತ್ತೆ ಕೇಳಿದರೆ ಮತ್ತೆ ಕೊಡುತ್ತಾರೆ. ಆದರೆ ಒಂದು ಬಿಯರ್ ಇಟ್ಟುಕೊಂಡು ನಾಲ್ಕು ತಟ್ಟೆ ಶೇಂಗಾ ಖಾಲಿ ಮಾಡುವುದು ಸರಿ ಕಾಣುವುದಿಲ್ಲ, ಅಲ್ವಾ? ಒಂದು ಮಸಾಲಾ ಪಾಪಡ್ ಆದರೂ ತರಿಸಿ.

ಊಟದ ವಿಷಯಕ್ಕೆ ಬಂದರೆ ನನಗೆ ಹೇಳಲು ಜಾಸ್ತಿ ಇದೆ. ಮೆನು ಕಾರ್ಡ್‌ನಲ್ಲಿ ಪಂಜಾಬಿ, ಚೈನೀಸ್ ಎಲ್ಲ ಸೇರಿ ಉದ್ದದ ಪಟ್ಟಿ ಇರುತ್ತದೆ. ಹೊಸಬರು ಪನೀರ್ ಚಿಲ್ಲಿ, ಚಿಕನ್ ಲಾಲಿಪಾಪ್ ಹೇಳಿ ಮುಗಿಸುತ್ತಾರೆ. ಕಾರ್ಡ್ ಮಡಚಿಟ್ಟು ಕ್ಯಾಪ್ಟನ್ ಹತ್ತಿರ ಕನ್ನಡದಲ್ಲೇ ಕೇಳಿ: "ಅಣ್ಣಾ, ಇವತ್ತು ಮೀನು ಯಾವುದು ಚೆನ್ನಾಗಿದೆ?" ಅಷ್ಟು ಕೇಳಿದರೆ ಮುಖದ ಕಳೆಯೇ ಬದಲಾಗುತ್ತದೆ. "ಯಾವ ಊರು ಸಾರ್ ನಿಮ್ದು?" ಅಂತ ಮಾತು ಶುರು. ಬಂಗುಡೆ ಇದೆಯೋ, ಕಾಣೆ ಇದೆಯೋ, ಅಂಜಲ್ ತಾಜಾ ಬಂದಿದೆಯೋ, ಎಲ್ಲ ಬಿಚ್ಚಿ ಹೇಳುತ್ತಾರೆ. ಹೆಬ್ರಿ ಕಡೆಯ ಒಬ್ಬ ಕ್ಯಾಪ್ಟನ್ ಮಳೆಗಾಲದಲ್ಲಿ ನನ್ನ ಆರ್ಡರ್ ಬರೆದುಕೊಳ್ಳದೆ ನಿಂತುಬಿಟ್ಟಿದ್ದರು. "ಬೇಡ ಸಾರ್, ಇವತ್ತಿನ ಮಾಂಜಿ (ಪಾಂಫ್ರೆಟ್ ಮೀನು) ಐಸಿನದ್ದು. ಕೋಳಿ ಸುಕ್ಕ ಕೊಡ್ತೇನೆ, ತಿಂದು ನೋಡಿ." ನನ್ನ ಆರ್ಡರ್‌ಗಿಂತ ಅದು ಅಗ್ಗ. ಅವರ ಮಾಲೀಕರಿಗೆ ಅದರಿಂದ ಲಾಭ ಏನೂ ಇರಲಿಲ್ಲ. ಇಂಥ ಒಬ್ಬರು ಸಿಕ್ಕರೆ ಆ ಬಾರ್ ಬಿಡಬೇಡಿ.

ಅವರು ಹೇಳಿದ್ದಕ್ಕೆ ಕಾರಣ ಇದೆ. ಮಹಾರಾಷ್ಟ್ರದಲ್ಲಿ ಜೂನ್, ಜುಲೈ ತಿಂಗಳಲ್ಲಿ ಯಾಂತ್ರಿಕ ದೋಣಿಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಆಗ ದೊಡ್ಡ ಮೀನು ಹೆಚ್ಚಿನದು ಶೀತಲ ಪೆಟ್ಟಿಗೆಯದ್ದು, ಬೆಲೆಯೂ ಏರಿರುತ್ತದೆ. ಆ ಎರಡು ತಿಂಗಳು ಕೋಳಿ, ಮೊಟ್ಟೆ, ಕಾಳಿನ ಪದಾರ್ಥಗಳೇ ವಾಸಿ. ಬೇರೆ ದಿನಗಳಲ್ಲಿ ಇಲ್ಲಿನ ಬೊಂಬಿಲ್ (ಬಾಂಬೆ ಡಕ್ ಅನ್ನುವ ಮೀನು) ಫ್ರೈ ತಪ್ಪದೆ ತಿನ್ನಿ. ರವೆ ಹಚ್ಚಿ ಕಾಯಿಸಿದ್ದು ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಮಾಂಜಿ, ಏಡಿ, ದೊಡ್ಡ ಸಿಗಡಿಗೆ ಕಾರ್ಡ್‌ನಲ್ಲಿ ರೇಟ್ ಬರೆದಿರುವುದಿಲ್ಲ. ಸೈಜ್ ನೋಡಿ ಹೇಳುತ್ತಾರೆ. ಅಡುಗೆಮನೆಗೆ ಹೋಗುವ ಮೊದಲೇ ಮೀನು ನೋಡಿ, ರೇಟ್ ಕೇಳಿ. ಸಸ್ಯಾಹಾರಿಗಳು ಚನಾ ಕೋಳಿವಾಡಾ ಕೇಳಿ ನೋಡಿ, ಹೆಸರಲ್ಲಿ ಕೋಳಿ ಇದ್ದರೂ ಅದು ಮಸಾಲೆ ಹಚ್ಚಿ ಕರಿದ ಕಡಲೆ, ಖಾರ ಖಾರವಾಗಿ ಚೆನ್ನಾಗಿರುತ್ತದೆ.

ಬಿಲ್‌ನಲ್ಲಿ ಊಟಕ್ಕೆ ಜಿಎಸ್‌ಟಿ, ಮದ್ಯಕ್ಕೆ ರಾಜ್ಯದ ವ್ಯಾಟ್, ಎರಡೂ ಬೇರೆ ಬೇರೆ. ಪರ್ಮಿಟ್ ರೂಮ್‌ಗಳ ವ್ಯಾಟ್ 2023ರ ನವೆಂಬರ್‌ನಲ್ಲಿ ಶೇ 5ರಿಂದ ಶೇ 10ಕ್ಕೆ ಏರಿತು. 2025ರಲ್ಲಿ ಅಬಕಾರಿ ಸುಂಕವೂ ಏರಿ, ಆ ವರ್ಷ ಜುಲೈ 14ರಂದು ಬಾರಿನವರು ಒಂದು ದಿನ ಬಾಗಿಲು ಹಾಕಿ ಪ್ರತಿಭಟಿಸಿದರು. ಹಾಗಾಗಿ ರೇಟ್ ನೋಡಿ ಕ್ಯಾಪ್ಟನ್ ಮೇಲೆ ರೇಗಬೇಡಿ. ಪಬ್ಬುಗಳಲ್ಲಿ ಸರ್ವಿಸ್ ಚಾರ್ಜ್ ಸೇರಿಸಿರುತ್ತಾರೆ. ಅದು ಕಡ್ಡಾಯವಲ್ಲ, ತೆಗೆಯಿರಿ ಅಂತ ಕೇಳುವ ಹಕ್ಕು ನಿಮಗಿದೆ. ಪರ್ಮಿಟ್ ರೂಮ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಟಿಪ್ಸ್ ಅನ್ನು ಕೈಯಾರೆ, ನಗದಾಗಿ ಕೊಡಿ.

ಟಿಪ್ಸ್ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಿಮಗೆ ಬಡಿಸುವ ಹುಡುಗ ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ನಿಂತೇ ಇರುತ್ತಾನೆ. ಬಾರ್ ಮುಚ್ಚುವುದು ರಾತ್ರಿ ಒಂದೂವರೆಗೆ. ಎಷ್ಟೋ ಹುಡುಗರು ಮಲಗುವುದು ಅದೇ ಕಟ್ಟಡದ ಮಾಳಿಗೆಯಲ್ಲಿ. ಈಗ ಉಡುಪಿ, ಕುಂದಾಪುರದವರು ಕ್ಯಾಪ್ಟನ್, ಮ್ಯಾನೇಜರ್ ಆಗಿದ್ದಾರೆ. ತಟ್ಟೆ ಎತ್ತುವವರು ಹೆಚ್ಚಾಗಿ ಉತ್ತರದ ರಾಜ್ಯಗಳ ಹುಡುಗರು. ಯಾರೇ ಆಗಲಿ, ಚಪ್ಪಾಳೆ ತಟ್ಟಿ, "ಏಯ್" ಅಂತ ಕರೆಯಬೇಡಿ. ಕನ್ನಡದವರೆಂದು ಹೇಳಿಕೊಂಡು ಬಂದ ಗುಂಪೊಂದು ಕುಡಿದ ಮೇಲೆ ಹುಡುಗರನ್ನು ಬೈದರೆ, ಮರುದಿನ ಆ ಕ್ಯಾಪ್ಟನ್ ಉಳಿದವರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಭಾಷೆಯ ಸಲುಗೆಯಲ್ಲಿ ಉದ್ರಿಯನ್ನೂ ಕೇಳಬೇಡಿ. ಕಡಿಮೆ ಬಿದ್ದ ದುಡ್ಡು ಅವರ ಸಂಬಳದಿಂದ ಹೋಗುತ್ತದೆ.

ಹೆಣ್ಣುಮಕ್ಕಳಿಗೆ ಮುಚ್ಚುಮರೆ ಇಲ್ಲದೆ ಹೇಳಬೇಕು. ಫ್ಯಾನ್ ಹಾಲ್‌ಗಳಲ್ಲಿ ಈಗಲೂ ಗಂಡಸರೇ ತುಂಬಿರುತ್ತಾರೆ. ಯಾರೂ ತೊಂದರೆ ಕೊಡದಿದ್ದರೂ ಮೊದಲ ಸಲ ಇರಿಸುಮುರಿಸು ಆಗಬಹುದು. ಎಸಿ ಫ್ಯಾಮಿಲಿ ಸೆಕ್ಷನ್ ಇರುವ ಕಡೆ ಗೆಳತಿಯರ ಜೊತೆ ಹೋಗಿ. ಕೊಲಾಬಾದಲ್ಲಿ ತಾಜ್ ಹೋಟೆಲ್ ಹಿಂದಿನ ಗೋಕುಲ್, ಬಾಂದ್ರಾ ಪಾಲಿ ಕಡೆಯ ಜನತಾ, ಇಲ್ಲಿ ಕಾಲೇಜು ಹುಡುಗಿಯರಿಂದ ಹಿಡಿದು ಎಲ್ಲರೂ ಬರುತ್ತಾರೆ. ರೇಟೂ ಕೈಗೆಟುಕುತ್ತದೆ. ಗೋಡೆ ತುಂಬ ಮಾರಿಯೋ ಮಿರಾಂಡಾ ಚಿತ್ರಗಳಿರುವ ಕೆಫೆ ಮೊಂಡೆಗಾರ್, 1871ರಿಂದ ಇರುವ ಲಿಯೋಪೋಲ್ಡ್ ಕೂಡ ಹತ್ತಿರದಲ್ಲೇ ಇವೆ. ಲಿಯೋಪೋಲ್ಡ್ ಗೋಡೆಯಲ್ಲಿ 2008ರ ನವೆಂಬರ್ 26ರ ಗುಂಡಿನ ಗುರುತುಗಳನ್ನು ಹಾಗೇ ಉಳಿಸಿದ್ದಾರೆ. ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಲು ಇವು ಸರಿ, ರೇಟ್ ಮಾತ್ರ ಪ್ರವಾಸಿಗರದ್ದು.

ಒಂದು ಕಡೆಗೆ ಮಾತ್ರ ಹೋಗಲೇಬೇಡಿ. ಬೋರ್ಡ್‌ನಲ್ಲಿ ಆರ್ಕೆಸ್ಟ್ರಾ ಅಥವಾ ಲೇಡೀಸ್ ಸರ್ವಿಸ್ ಅಂತ ಇದ್ದರೆ, ಬಾಗಿಲಲ್ಲಿ ಗಟ್ಟಿಮುಟ್ಟಾದ ಇಬ್ಬರು ನಿಂತು ಒಳಗೆ ಕರೆಯುತ್ತಿದ್ದರೆ, ಅದು ನೀವು ಹುಡುಕುತ್ತಿರುವ ಜಾಗ ಅಲ್ಲ. ಡ್ಯಾನ್ಸ್ ಬಾರ್‌ಗಳನ್ನು ಸರ್ಕಾರ 2005ರಲ್ಲಿ ನಿಷೇಧಿಸಿತು. ಆಮೇಲೆ ವರ್ಷಗಟ್ಟಲೆ ಕೋರ್ಟ್ ವ್ಯಾಜ್ಯ ನಡೆಯಿತು. ಅದರ ನೆರಳಲ್ಲಿ ಉಳಿದಿರುವ ಜಾಗಗಳಲ್ಲಿ ಪೊಲೀಸ್ ದಾಳಿ ಆಗಾಗ ಆಗುತ್ತದೆ. ತಿಂಗಳ ಸಂಬಳ ಒಂದೇ ರಾತ್ರಿಗೆ ಕಳೆದುಕೊಂಡು ಮನೆಗೆ ದುಡ್ಡು ಕಳಿಸಲಾಗದೆ ಒದ್ದಾಡಿದ ನಮ್ಮ ಹುಡುಗರನ್ನು ನಾನು ನೋಡಿದ್ದೇನೆ. ಗೆಳೆಯರು ಎಳೆದರೂ ಬೇಡ.

ಮನೆಗೆ ಹೋಗುವ ದಾರಿ ಮೊದಲೇ ಯೋಚಿಸಿ. ಲೋಕಲ್ ರೈಲುಗಳು ರಾತ್ರಿ ಒಂದರ ಸುಮಾರಿಗೆ ನಿಂತು, ನಾಲ್ಕರ ಹೊತ್ತಿಗೆ ಮತ್ತೆ ಶುರುವಾಗುತ್ತವೆ. ಸೆಂಟ್ರಲ್ ಲೈನ್‌ನ ಕೊನೆಯ ರೈಲುಗಳು ಇನ್ನೂ ಬೇಗ. ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಆಟೋ ಇಲ್ಲ, ಟ್ಯಾಕ್ಸಿಯೇ. ಮಧ್ಯರಾತ್ರಿಯಿಂದ ಬೆಳಗಿನ ಐದರವರೆಗೆ ಮೀಟರ್ ಮೇಲೆ ಕಾಲು ಭಾಗ ಹೆಚ್ಚು. ಬೈಕ್ ತಂದಿದ್ದರೆ ಅಲ್ಲೇ ಬಿಟ್ಟು ಹೋಗಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ದಾಟಿದರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ ಆರು ತಿಂಗಳ ಜೈಲು, ಎರಡೂ ಆಗಬಹುದು. ಮುಂಬೈ ಪೊಲೀಸರ ನಾಕಾಬಂದಿಯಲ್ಲಿ ಶಿಫಾರಸು ನಡೆಯುವುದಿಲ್ಲ.

ಕುಡಿಯದವರೂ ಸುಮ್ನೆ ಹಿಂಜರಿಯಬೇಡಿ. ನಿಂಬೆ ಸೋಡಾ ಹೇಳಿ ಗೆಳೆಯರ ಜೊತೆ ಕೂರಬಹುದು, ಇಲ್ಲಿ ಯಾರೂ ಒತ್ತಾಯ ಮಾಡುವುದಿಲ್ಲ. ಕನ್ನಡದವರ ಸಹವಾಸವಷ್ಟೇ ಬೇಕು ಅನ್ನುವವರಿಗೆ ಮಾಟುಂಗಾದ ಮೈಸೂರು ಅಸೋಸಿಯೇಷನ್ ಇದೆ. ಅಲ್ಲಿ ನಾಟಕ, ಸಂಗೀತ, ಉಪನ್ಯಾಸ ನಡೆಯುತ್ತವೆ.

ಕೊನೆಯದಾಗಿ ಡ್ರೈ ಡೇ. ಜನವರಿ 26, ಜನವರಿ 30, ಮೇ 1, ಆಗಸ್ಟ್ 15, ಅಕ್ಟೋಬರ್ 2, ಆಷಾಢಿ ಏಕಾದಶಿ, ಅನಂತ ಚತುರ್ದಶಿ ಇವನ್ನು ನೆನಪಿಟ್ಟುಕೊಳ್ಳಿ. ಚುನಾವಣೆ ಬಂದರೆ ಮತದಾನ ಮುಗಿಯುವ ಮುಂಚಿನ 48 ಗಂಟೆ, ಎಣಿಕೆಯ ದಿನ ಕೂಡ ಮದ್ಯ ಇಲ್ಲ. ಆದರೆ ಎಷ್ಟೋ ಪರ್ಮಿಟ್ ರೂಮ್‌ಗಳಲ್ಲಿ ಅಂದು ಅಡುಗೆಮನೆ ನಡೆಯುತ್ತಿರುತ್ತದೆ. ಅಂಥ ದಿನ ಮಧ್ಯಾಹ್ನ ಊಟಕ್ಕೆ ಹೋಗಿ. ಗಲಾಟೆ ಇರುವುದಿಲ್ಲ, ಮೀನ್ ಸಾರು ಬಿಸಿಯಾಗಿ ಬರುತ್ತದೆ, ಕ್ಯಾಪ್ಟನ್‌ಗೂ ಊರಿನ ಸುದ್ದಿ ಮಾತಾಡಲು ಬಿಡುವು ಇರುತ್ತದೆ.