ಆಕ್ಟೇವಿಯಾ ಟರ್ಬೊಗೆ ವಾಲ್ವ್ ಹಾಕಿದ್ದು: ನನ್ನ ಅನುಭವ

ನನ್ನದು ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1781 ಸಿಸಿ, 20 ವಾಲ್ವ್, ಟರ್ಬೊ ಪೆಟ್ರೋಲ್. ತುಮಕೂರು ರಸ್ತೆಯಲ್ಲಿ ಮೂರನೇ ಗೇರಲ್ಲಿ ಒತ್ತಿದರೆ ಮೊದಲಿನ ಎಳೆತ ಇರಲಿಲ್ಲ. ಸ್ಕ್ಯಾನರ್ ಹಾಕಿದರೆ ಪಿ1297 ಅನ್ನೋ ದೋಷದ ಕೋಡ್. ಅಂದರೆ ಟರ್ಬೊಗೂ ಥ್ರಾಟಲ್‌ಗೂ (ಇಂಜಿನ್ನಿಗೆ ಗಾಳಿ ಬಿಡೋ ಬಾಗಿಲು) ಮಧ್ಯೆ ಗಾಳಿಯ ಒತ್ತಡ ಇಳಿದುಹೋಗುತ್ತಿದೆ. ಹೋಸ್‌ಗಳೆಲ್ಲ ಸರಿಯಿದ್ದವು, ಉಳಿದದ್ದು ಡೈವರ್ಟರ್ ವಾಲ್ವ್, ಅಂದರೆ ಆಕ್ಸಿಲರೇಟರಿಂದ ಕಾಲು ತೆಗೆದಾಗ ಟರ್ಬೊ ಒತ್ತಿ ಕಳಿಸಿದ ಗಾಳಿಗೆ ಬೇರೆ ದಾರಿ ಬಿಡೋ ವಾಲ್ವ್.

ಅದನ್ನು ಪರೀಕ್ಷೆ ಮಾಡೋದು ಸುಲಭ. ವಾಲ್ವ್ ಬಿಚ್ಚಿ, ಒಳಗಿನ ಪ್ಲಂಜರನ್ನು ಬೆರಳಿಂದ ಒಳಗೆ ಒತ್ತಿ ಹಿಡಿದು, ಮೇಲಿನ ಸಣ್ಣ ಮೂತಿಯನ್ನು ಇನ್ನೊಂದು ಬೆರಳಿಂದ ಗಟ್ಟಿಯಾಗಿ ಮುಚ್ಚಿ, ಪ್ಲಂಜರ್ ಬಿಟ್ಟುಬಿಡಿ. ಒಳಗಿನ ರಬ್ಬರ್ ಚೆನ್ನಾಗಿದ್ದರೆ ಅದು ಒಳಗೇ ನಿಲ್ಲುತ್ತದೆ. ನನ್ನದು ಟಕ್ ಅಂತ ಹೊರಗೆ ಬಂತು. ರಬ್ಬರ್ ಹರಿದಿತ್ತು.

ಹೊಸದು ಯಾವುದು ಅನ್ನೋ ಮಾತು ಬಂದಾಗ ಗೆಳೆಯರದೆಲ್ಲ ಒಂದೇ ರಾಗ, "ಗಾಳಿ ಹೊರಗೆ ಬಿಡೋದೇ ಹಾಕ್ಸೋ, ಪುಸ್ ಅಂತ ಸೌಂಡ್ ಬರತ್ತೆ". ಸೌಂಡ್ ನನಗೂ ಇಷ್ಟ. ಆದರೆ ಈ ಇಂಜಿನ್ನಿಗೆ ಏರ್ ಫಿಲ್ಟರ್ ಪಕ್ಕದಲ್ಲೇ ಗಾಳಿ ಅಳೆಯೋ ಸೆನ್ಸರ್ ಇದೆ. ಒಳಗೆ ಬಂದ ಗಾಳಿಯ ಲೆಕ್ಕ ಇಸಿಯುಗೆ (ಇಂಜಿನ್ನಿನ ಕಂಪ್ಯೂಟರ್) ಆಗಲೇ ಹೋಗಿರುತ್ತದೆ, ಗೇರ್ ಬದಲಿಸುವಾಗ ಅದನ್ನು ಹೊರಗೆ ಚೆಲ್ಲಿದರೆ ಇಲ್ಲದ ಗಾಳಿಗೂ ಪೆಟ್ರೋಲ್ ಸುರಿಯುತ್ತದೆ. ಗಾಡಿ ಒಂದು ಕ್ಷಣ ತಡವರಿಸುತ್ತದೆ, ಕೆಲವೊಮ್ಮೆ ಸೈಲೆನ್ಸರ್‌ನಲ್ಲಿ ಪಟ್ ಅನ್ನುತ್ತದೆ. ಹಾಗಾಗಿ ಗಾಳಿಯನ್ನು ಟರ್ಬೊದ ಬಾಯಿಗೇ ವಾಪಸ್ ಕಳಿಸೋ ಪಿಸ್ಟನ್ ವಾಲ್ವ್ ತಗೊಂಡೆ. ಸೌಂಡ್ ಕಡಿಮೆ, ಇರಲಿ.

ತಲೆ ಕೆಡಿಸಿಕೊಳ್ಳಬೇಕಾದ್ದು ಸ್ಪ್ರಿಂಗ್ ಬಗ್ಗೆ. ಕಾಲು ತೆಗೆದಾಗ ಮ್ಯಾನಿಫೋಲ್ಡ್‌ನ (ಥ್ರಾಟಲ್ ದಾಟಿದ ಗಾಳಿ ಸಿಲಿಂಡರ್‌ಗಳಿಗೆ ಹೋಗೋ ಕೊಳವೆ) ವ್ಯಾಕ್ಯೂಮ್, ಅಂದರೆ ಹೀರುವ ಬಲ, ಈ ಪಿಸ್ಟನ್ನನ್ನು ಎಳೆದು ತೆರೆಯಬೇಕು. ಮಂಗಳೂರಿನಲ್ಲಿ 20 ಇಂಚು (ಪಾದರಸದ ಲೆಕ್ಕ) ವ್ಯಾಕ್ಯೂಮ್ ತೋರಿಸೋ ಗೇಜು, ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ 17ರ ಆಸುಪಾಸು ತೋರಿಸುತ್ತದೆ, ಅಂದರೆ ಸ್ಪ್ರಿಂಗನ್ನು ಎಳೆಯೋ ಬಲ ಇಲ್ಲಿ ಅಷ್ಟು ಕಡಿಮೆ. ಗಟ್ಟಿ ಸ್ಪ್ರಿಂಗ್ ಹಾಕಿದರೆ ವಾಲ್ವ್ ತಡವಾಗಿ ತೆರೆದು, ಹೋಗಲು ದಾರಿಯಿಲ್ಲದ ಗಾಳಿ ವಾಪಸ್ ಟರ್ಬೊದ ಕಂಪ್ರೆಸರ್ ಚಕ್ರಕ್ಕೇ ಬಡಿಯುತ್ತದೆ, ಚುಚುಚು ಅನ್ನೋ ಶಬ್ದ ಅದೇ. ತೀರಾ ಮೆತ್ತಗಿನದಾದರೆ ಬೂಸ್ಟ್ ಹೊತ್ತಲ್ಲಿ, ಅಂದರೆ ಟರ್ಬೊ ಗಾಳಿ ಒತ್ತುತ್ತಿರುವಾಗ, ಸೋರಬಹುದು. ನಾನು ಮಧ್ಯದ್ದು ಹಾಕಿದೆ, ಕಾಲು ತೆಗೆದರೆ ಈಗ ಚುಚುಚು ಇಲ್ಲ.

ಹಾಕೋದು ದೊಡ್ಡ ಕೆಲಸವೇನಲ್ಲ. ಇಂಜಿನ್ ಪೂರ್ತಿ ತಣ್ಣಗಾಗಲಿ, ಟರ್ಬೊ ಪಕ್ಕದಲ್ಲೇ ಕೈ ಹಾಕಬೇಕು. ಹಳೆಯದು ಯಾವ ಕಡೆ ಮುಖ ಮಾಡಿತ್ತು ಅಂತ ಬಿಚ್ಚುವ ಮೊದಲೇ ಫೋಟೊ ತೆಗೆದುಕೊಳ್ಳಿ. ಕಂಪನಿಯ ಒತ್ತು ಕ್ಲಿಪ್ ಕತ್ತರಿಸಿ ಬಿಸಾಕಿ, ಸ್ಕ್ರೂ ಇರೋ ಕ್ಲಿಪ್ ಹಾಕಿ, ಅದರ ಮೇಲೆ ಪಹಲ್ವಾನಗಿರಿ ಬೇಡ, ರಬ್ಬರ್ ಸೀಳುತ್ತದೆ. ವ್ಯಾಕ್ಯೂಮ್ ಪೈಪನ್ನೂ ಆಗಲೇ ಬದಲಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಹಳೇದನ್ನು ಬಗ್ಗಿಸಿದರೆ ಬಿರುಕು ಕಾಣುತ್ತದೆ ನೋಡಿ.

ಡೀಸೆಲ್ ಗಾಡಿಯವರೂ ಕೇಳುತ್ತಾರೆ. ನಿಮಗೆ ಇದು ಬೇಡ ಸ್ವಾಮಿ. ಕಾಲು ತೆಗೆದರೆ ಪೆಟ್ರೋಲ್ ಗಾಡಿಯ ಹಾಗೆ ಥ್ರಾಟಲ್ ಮುಚ್ಚಿ ಗಾಳಿ ತಡೆಯೋದು ನಿಮ್ಮಲ್ಲಿಲ್ಲ, ಅಂಗಡಿಯಲ್ಲಿ ಕೊಡೋ ಕಿಟ್ ಸುಮ್ನೆ ಸೌಂಡ್‌ಗೆ.

ಕೋಡ್ ಅಳಿಸಿ ಅದೇ ರಸ್ತೆಯಲ್ಲಿ ಓಡಿಸಿದೆ, ಮತ್ತೆ ಬಂದಿಲ್ಲ. ಪಿಸ್ಟನ್ ವಾಲ್ವ್‌ಗೆ ಒಂದು ಉಪಚಾರ ಜಾಸ್ತಿ, ಇಂಜಿನ್ ಆಯಿಲಿನ ಜಿಡ್ಡು ಕೂತರೆ ಅಂಟಿಕೊಳ್ಳುತ್ತದೆ. ಸರ್ವಿಸ್ ಹೊತ್ತಲ್ಲಿ ಬಿಚ್ಚಿ ಒರೆಸಿ, ತೆಳುವಾಗಿ ಗ್ರೀಸ್ ಸವರಿ ಹಾಕುತ್ತೇನೆ.