ಝನ್ಸ್ಕಾರ್ ಕಮರಿಯಲ್ಲಿ ಕಯಾಕ್ ಮಗುಚಿದಾಗ

ರೋಲ್ ನಾನು ಕಲಿತದ್ದು ಹೊನ್ನೇಮರಡುವಿನಲ್ಲಿ, ಶರಾವತಿ ಹಿನ್ನೀರಿನಲ್ಲಿ. ಕಯಾಕ್ ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಕಿರಿದಾದ ದೋಣಿ. ಅದು ಮಗುಚಿದರೆ ಹೊರಗೆ ಬರದೆ, ಕೂತಲ್ಲೇ ಹುಟ್ಟು ಬೀಸಿ ಸೊಂಟ ತಿರುಗಿಸಿ ಮೇಲೇಳುವುದು. ಅಲ್ಲಿ ನೀರು ಬೆಚ್ಚಗಿತ್ತು. ತಪ್ಪಿದರೆ ಈಜಿ ದಡ ಸೇರುತ್ತಿದ್ದೆ. ಝನ್ಸ್ಕಾರ್‌ನಲ್ಲಿ ಬಹಳ ಕಡೆ ದಡವೇ ಇಲ್ಲ.

ಲಡಾಖ್‌ನ ಈ ನದಿ ಪದುಮ್ ಕಡೆಯಿಂದ ಬಂದು ನಿಮ್ಮು ಹತ್ತಿರ ಸಿಂಧೂವನ್ನು ಸೇರುತ್ತದೆ. ನಡುವೆ ದಿನಗಟ್ಟಲೆ ಕಮರಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ಜನ ಚಾದರ್ ಚಾರಣಕ್ಕೆ ನಡೆಯುವುದು ಇದೇ ನದಿಯ ಮೇಲೆ. ನಾವು ಹೋಗಿದ್ದು 2017ರ ಆಗಸ್ಟ್‌ನಲ್ಲಿ. ನಾಲ್ಕು ಕಯಾಕ್, ಸಾಮಾನಿಗೆ ಒಂದು ರಾಫ್ಟ್. ನಿಮ್ಮು–ಪದುಮ್–ದಾರ್ಚಾ ರಸ್ತೆ ಪೂರ್ತಿ ಕೂಡಿಕೊಂಡಿದ್ದು 2024ರಲ್ಲಿ. ನಾವು ಹೋದಾಗ ಕಮರಿಯ ನಡುಭಾಗಕ್ಕೆ ಇಳಿದ ಮೇಲೆ ಹೊರಗೆ ಬರುವ ದಾರಿ ನದಿಯೊಂದೇ.

ಬಿಸಿಲು ಜೋರಾದರೆ ಮೇಲೆ ಹಿಮ ಕರಗಿ ನೀರು ಏರುತ್ತದೆ. ಅದಕ್ಕೇ ರಾತ್ರಿ ನೀರಿನಂಚಿಗೆ ಒಂದು ಕಲ್ಲು ಇಟ್ಟು ಮಲಗುತ್ತಿದ್ದೆವು. ಮೂರನೇ ಬೆಳಿಗ್ಗೆ ನೋಡಿದರೆ ಕಲ್ಲು ಮುಳುಗಿತ್ತು. ಆ ದಿನವೇ ನೆರಾಕ್ ಹಳ್ಳಿ ಹತ್ತಿರದ ಇಕ್ಕಟ್ಟು ಜಾಗ ದಾಟಬೇಕಿತ್ತು.

ಮೊದಲು ಒಂದು ರಾಪಿಡ್, ಅಂದರೆ ಬಂಡೆಗಳ ನಡುವೆ ನೀರು ರಭಸದಿಂದ ನುಗ್ಗುವ ಜಾಗ. ದೋಣಿಗಳನ್ನು ಕಟ್ಟಿ, ಬಂಡೆ ಹತ್ತಿ ನೋಡಿದೆವು. ಎಡಕ್ಕೆ ಬಂಡೆ ಮೇಲಿಂದ ಬಿದ್ದ ನೀರು ಹಿಂದಕ್ಕೇ ಮಗುಚುತ್ತಿತ್ತು. ಸಿಕ್ಕರೆ ಬಿಡುವುದಿಲ್ಲ. ಬಲಕ್ಕೆ ನುಣುಪಾದ ನೀರಿನ ನಾಲಗೆ. ಅದರ ಮೇಲೇ ಇಳಿದೆ. ಅಲೆಗಳು ಎದೆಗೆ ಬಡಿದವು, ಆದರೆ ದೋಣಿ ನೇರ ಹೋಯಿತು. ಮುಗಿಯಿತು ಅಂದುಕೊಂಡು ಹುಟ್ಟನ್ನು ಮಡಿಲ ಮೇಲಿಟ್ಟೆ.

ತಪ್ಪಾಗಿದ್ದು ಅಲ್ಲೇ. ಅದರ ಕೆಳಗೆ ನದಿ ಕೆಲವೇ ಮೀಟರ್ ಅಗಲಕ್ಕೆ ಕುಗ್ಗುತ್ತದೆ. ಅಷ್ಟೂ ನೀರಿಗೆ ಹರಡಲು ಜಾಗವಿಲ್ಲ. ದೊಡ್ಡ ಅಲೆ ಏಳುವುದಿಲ್ಲ, ನೋಡಿದರೆ ಸುಮ್ನೆ ಹರಿಯುವ ಹಾಗೆ ಕಾಣುತ್ತದೆ. ಆದರೆ ಒಂದು ಕಡೆ ನೀರು ತಳದಿಂದ ಉಕ್ಕಿ ದೋಣಿಯನ್ನು ಎತ್ತುತ್ತದೆ, ಪಕ್ಕದಲ್ಲೇ ಸುಳಿ ಅದರ ಅಂಚನ್ನು ಎಳೆಯುತ್ತದೆ. ಅಂಥ ಕಡೆ ಹುಟ್ಟಿನ ಅಲಗು ಸದಾ ನೀರಿನಲ್ಲಿರಬೇಕು. ನಿಂತ ಕೈಯೇ ನಮ್ಮನ್ನು ಬೀಳಿಸುತ್ತದೆ.

ಮಗುಚಿದೆ. ಬೂದು ನೀರು, ಕಣ್ಣಿಗೆ ಏನೂ ಕಾಣದು. ಹಣೆಗೆ ಯಾರೋ ಸುತ್ತಿಗೆಯಿಂದ ಹೊಡೆದಂಥ ಚಳಿ. ನೀರಿನಲ್ಲಿದ್ದ ಮರಳು ದೋಣಿಗೆ ಉಜ್ಜುವ ಸುಯ್ ಸದ್ದು ಮಾತ್ರ. ಉಸಿರಿಗಾಗಿ ತಲೆಯನ್ನೇ ಮೊದಲು ಎತ್ತಿದೆ. ಮತ್ತೆ ಬಿದ್ದೆ. ರೋಲ್ ಕೆಡುವುದು ಜಾಸ್ತಿ ಹೀಗೇ. ತಲೆಯ ಭಾರ ದೋಣಿಯನ್ನು ವಾಪಸ್ ಎಳೆಯುತ್ತದೆ. ಎರಡನೇ ಸಲ ಅವಸರ ಮಾಡಲಿಲ್ಲ. ಮೈ ಮುಂದಕ್ಕೆ ಬಗ್ಗಿಸಿ, ಹುಟ್ಟು ನೀರಿನ ಮೇಲ್ಮೈಗೆ ತಾಗುವವರೆಗೆ ಕಾದೆ. ಮೊದಲು ಸೊಂಟ, ಆಮೇಲೆ ಭುಜ, ಕೊನೆಗೆ ತಲೆ. ಮೇಲೆ ಬಂದಾಗ ಪಕ್ಕದಲ್ಲೇ ಕಲ್ಲಿನ ಗೋಡೆ ಓಡುತ್ತಿತ್ತು.

ಕೆಳಗೆ ನೀರು ತಿರುಗಿ ನಿಲ್ಲುವ ಜಾಗದಲ್ಲಿ ಗೆಳೆಯ ಕಾಯುತ್ತಿದ್ದ. ಅಲ್ಲಿ ನಿಂತು ಹಗ್ಗ ಎಸೆಯಲು ಒಂದಡಿ ನೆಲವೂ ಇರಲಿಲ್ಲ. ನಾನು ಕಯಾಕ್‌ನಿಂದ ಹೊರಬಂದಿದ್ದರೆ ಅವನ ದೋಣಿಯೇ ನನಗೆ ದಡ.

“ಏನಾಯ್ತೋ?” ಅಂದ.

“ತಲೆ ಮೊದಲು ಎತ್ತಿಬಿಟ್ಟೆ.”

“ಹಾಗಾದ್ರೆ ಇಲ್ಲೇ ಇನ್ನೊಂದು ಸಲ ಮಾಡು.”

ಮಾಡಿದೆ. ಬೆರಳುಗಳಿಗೆ ಹುಟ್ಟು ಹಿಡಿಯಲು ಆಗದಂತಾಗುವವರೆಗೆ, ಎರಡೂ ಕಡೆಗೆ.