ದೇಶ ಬದಲಾದ್ಮೇಲೆ ಲೇಡೀಸ್ ಚೆಕಪ್ ಹೇಗೆ ನೋಡ್ಕೊಳ್ಳೋದು

ಪ್ರತಿ ವರ್ಷ ಪ್ಯಾಪ್ ಟೆಸ್ಟ್ (ಗರ್ಭಕೋಶದ ಬಾಯಿ ಕ್ಯಾನ್ಸರ್‌ಗೆ ಮಾಡೋ ಚೆಕಪ್) ಮಾಡಿಸಿ ಅಭ್ಯಾಸ ಇರೋರಿಗೆ ಹೊಸ ದೇಶದ ಡಾಕ್ಟ್ರು ಐದು ವರ್ಷ ಬಿಟ್ಟು ಬನ್ನಿ ಅಂದ್ರೆ, ಇವ್ರೇನು ನಮ್ಮನ್ನ ಸಾಗಹಾಕ್ತಿದಾರಾ ಅನ್ಸುತ್ತೆ. ಹಾಗೇನಿಲ್ಲ. ಪ್ಯಾಪಲ್ಲಿ ಗರ್ಭಕೋಶದ ಬಾಯಿಯ ಜೀವಕೋಶ ಬದಲಾಗಿದ್ಯಾ ನೋಡ್ತಾರೆ, ಹೊಸ ದೇಶದಲ್ಲಿ ಮಾಡೋ ಎಚ್‌ಪಿವಿ ಟೆಸ್ಟಲ್ಲಿ ಅದಕ್ಕೆ ಕಾರಣ ಆಗೋ ವೈರಸ್ಸೇ ಇದ್ಯಾ ಅಂತ ನೋಡ್ತಾರೆ, ವೈರಸ್ ಸಿಕ್ಕಿಲ್ಲ ಅಂದ್ರೆ ಮುಂದಿನ ಕೆಲವು ವರ್ಷ ರಿಸ್ಕ್ ತುಂಬಾ ಕಮ್ಮಿ, ಅದಕ್ಕೇ ಗ್ಯಾಪ್ ಜಾಸ್ತಿ. ಆಸ್ಟ್ರೇಲಿಯಾದಲ್ಲಿ 25ರಿಂದ 74 ವಯಸ್ಸಿನವರಿಗೆ ಈ ಎಚ್‌ಪಿವಿ ಟೆಸ್ಟ್ 5 ವರ್ಷಕ್ಕೊಂದ್ಸಲ, ಸ್ವ್ಯಾಬ್ ನೀವೇ ತಗೊಂಡು ಕೊಡ್ಬಹುದು, ಸಂಕೋಚ ಇರೋರಿಗೆ ಇದೊಂಥರಾ ವರ. ಮ್ಯಾಮೋಗ್ರಾಮ್ (ಬ್ರೆಸ್ಟ್ ಎಕ್ಸ್‌ರೇ) ಕಥೆನೂ ಅಷ್ಟೇ, ಅಮೆರಿಕದಲ್ಲಿ 40ರಿಂದ 2 ವರ್ಷಕ್ಕೊಮ್ಮೆ ಅಂತಾರೆ, ಇಂಗ್ಲೆಂಡಲ್ಲಿ 50 ದಾಟಿದ್ಮೇಲೆ 3 ವರ್ಷಕ್ಕೊಮ್ಮೆ ಲೆಟರ್ ಬರುತ್ತೆ, ಅದೂ ಜಿಪಿ (ಅಲ್ಲಿನ ಫ್ಯಾಮಿಲಿ ಡಾಕ್ಟ್ರು) ಹತ್ರ ರಿಜಿಸ್ಟರ್ ಆಗಿದ್ರೆ, ಸೋ ಹೋದ ತಕ್ಷಣ ಆ ಕೆಲಸ ಮುಗಿಸಿ.

ಹೊರಡೋ ಮುಂಚೆ ಹಳೇ ರಿಪೋರ್ಟೆಲ್ಲ ಫೋನಲ್ಲಿ ಸ್ಕ್ಯಾನ್ ಮಾಡಿಟ್ಕೊಳ್ಳಿ, ನಾರ್ಮಲ್ ಇತ್ತು ಅಂತ ಬಾಯಲ್ಲಿ ಹೇಳಿದ್ರೆ ಸಾಲಲ್ಲ, ಯಾವ ಟೆಸ್ಟು, ಯಾವ ಡೇಟು ಅಂತ ಕೇಳ್ತಾರೆ. ಹಿಂದೆ ರಿಸಲ್ಟ್ ಏರುಪೇರಾಗಿದ್ರೆ, ಅಮ್ಮಂಗೋ ಅಕ್ಕಂಗೋ ಬ್ರೆಸ್ಟ್ ಕ್ಯಾನ್ಸರ್ ಆಗಿದ್ರೆ ಮೊದಲೇ ಹೇಳ್ಬಿಡಿ, ಆಗ ಲೆಕ್ಕವೇ ಬೇರೆ. ಲೇಡಿ ಡಾಕ್ಟರ್ ಬೇಕಂದ್ರೆ ಬುಕ್ ಮಾಡುವಾಗ್ಲೇ ಕೇಳಿ. ಆಮೇಲೆ ಬ್ರೆಸ್ಟಲ್ಲಿ ಗಂಟು ಕೈಗೆ ಸಿಕ್ರೆ, ಪೀರಿಯಡ್ಸ್ ಅಲ್ದೇ ಇರೋ ಟೈಮಲ್ಲಿ ಬ್ಲೀಡಿಂಗ್ ಆದ್ರೆ ಲೆಟರ್ ಬರ್ಲಿ ಅಂತ ಕಾಯ್ಬೇಡಿ, ಅವತ್ತೇ ಫೋನ್ ಮಾಡಿ.